ಊದಿ ನೋಡದ ಐದನೇ ಜೆಟ್

ಗೌಡರು ಆ ಎಂಜಿನ್ ತಂದು ನನ್ನ ಶೆಡ್ಡಿನ ಮುಂದೆ ಇಳಿಸಿದಾಗ ರಂಜಾನ್ ಶುರುವಾಗಿ ಮೂರು ದಿನವಾಗಿತ್ತು. ಹುಣಸೂರಿನಲ್ಲಿ ಬಿಸಿಲಿನ ದಿನಗಳೆಂದರೆ ಮರದ ದಿನಗಳು. ಮಳೆ ಹಿಡಿಯುವುದರೊಳಗೆ ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್ ದಿಮ್ಮಿಗಳೆಲ್ಲ ನಮ್ಮೂರಿನ ಸಾಮಿಲ್ಲುಗಳಿಗೆ ಬಂದು ಬೀಳಬೇಕು. ಕಟ್ಟೆಮಳಲವಾಡಿಯ ಈ ಗೌಡರಿಗೆ ಜಮೀನಿನ ಜೊತೆಗೆ ದಿಮ್ಮಿ ಸಾಗಿಸುವ ಕಸುಬೂ ಇತ್ತು. ಲಾರಿಯಲ್ಲಿ ಒಂದೊಂದೇ ಲೋಡು ಹೊತ್ತು ಸಾಕಾಗಿ ಉದ್ದನೆಯ ಟ್ರೈಲರ್ ಒಂದನ್ನು ಕೊಂಡಿದ್ದರು. ಅದನ್ನು ಎಳೆಯಲೆಂದು ತಮ್ಮ ಹಳೆಯ ಲಾರಿಯ ಹಿಂದಿನ ಬಾಡಿ ಕಳಚಿಸಿ, ಟ್ರೈಲರ್ ಕೂರಿಸುವ ತಟ್ಟೆ ಹಾಕಿಸಿದ್ದರು. ಆದರೆ ಲಾರಿಯ ಎಂಜಿನ್ನಿಗೆ ಅಷ್ಟು ಎದೆ ಇರಲಿಲ್ಲ. ಖಾಲಿ ಟ್ರೈಲರಿಗೇ ಏದುಸಿರು ಬಿಡುತ್ತಿತ್ತು. ಅದಕ್ಕೆಂದೇ ಮೈಸೂರಿನ ಗುಜರಿಯಿಂದ ಆರು ಸಿಲಿಂಡರಿನ ದೊಡ್ಡ ಟರ್ಬೊ ಎಂಜಿನ್ ಆರಿಸಿ ತಂದಿದ್ದರು.

“ಸಾಬ್ರೆ, ಇದು ಓಡೋ ಕುದ್ರೆ ಆಗೋದ್ ಬ್ಯಾಡ, ಎಳೆಯೋ ಎತ್ತಾಗ್ಬೇಕು,” ಎಂದರು. “ದಿಮ್ಮಿ ತುಂಬ್ಕೊಂಡು ತಿತಿಮತಿ ಏರಲ್ಲಿ ನಿಂತ್ರೂವೆ ಒಂದ್ ಗೇಣು ಇಂದಕ್ಕೆ ಜಾರ್ಬಾರ್ದು.”

“ಎಳೀತದೆ ಬುಡಿ ಗೌಡ್ರೆ. ನಾನ್ ಕಟ್ಟಿದ್ದು ಯಾವ್ದು ಇಂದಕ್ಕೆ ಜಾರ್ಯದೆ?” ಎಂದೆ ನಾನು. ಬಾಯಿಗೇನು, ಬಾಡಿಗೆ ಕೊಡಬೇಕೆ?

ಅವರ ಜೊತೆ ಡ್ರೈವರ್ ಬಂದಿದ್ದ. ಹನಗೋಡಿನವನು, ಹೆಚ್ಚುಕಡಿಮೆ ನನ್ನ ವಯಸ್ಸು. ಗೌಡರ ಮನೆಯ ಸ್ಟೀರಿಂಗ್ ಬಿಟ್ಟು ಬೇರೆ ಸ್ಟೀರಿಂಗ್ ಮುಟ್ಟಿದವನಲ್ಲ. ಲಾರಿ ಡ್ರೈವರುಗಳಲ್ಲಿ ಎರಡು ಜಾತಿ. ಗಾಡಿ ನಿಂತ ಮೇಲೆ ನಮಗೆ ಫೋನ್ ಮಾಡುವವರು ಒಂದು ಜಾತಿ, ನಿಲ್ಲುವ ಮೊದಲೇ ಬಂದು ‘ಏನೋ ಸದ್ದು ಬ್ಯಾರೆ ಬತ್ತದೆ ನೋಡಿ’ ಎನ್ನುವವರು ಇನ್ನೊಂದು. ಇವನು ಎರಡನೆಯ ಜಾತಿ. ಎಂಜಿನ್ ಕಟ್ಟುವಷ್ಟು ದಿನ ಅವನಿಗೆ ಓಡಿಸಲು ಗಾಡಿ ಇರಲಿಲ್ಲ. ಮನೆಯಲ್ಲಿ ಸುಮ್ಮನೆ ಕೂರಲಾರದೆ ದಿನಾ ಬಸ್ಸಿಗೆ ಬಂದು ನನ್ನ ಜೊತೆ ನಟ್ಟು ಬೋಲ್ಟು ತೊಳೆಯುತ್ತಿದ್ದ. ನಾನು ಉಪವಾಸವೆಂದು ನನ್ನೆದುರು ನೀರನ್ನೂ ಕುಡಿಯುತ್ತಿರಲಿಲ್ಲ. ಬಾಯಾರಿದರೆ ರಸ್ತೆ ದಾಟಿ ಟೀ ಅಂಗಡಿಗೆ ಹೋಗಿ ಬರುತ್ತಿದ್ದ.

ಎಂಜಿನ್ ಪೂರ್ತಿ ಬಿಚ್ಚಿದೆ. ಬ್ಲಾಕಿನಲ್ಲಿ ಬಿರುಕಿರಲಿಲ್ಲ, ಅದೇ ದೊಡ್ಡ ಪುಣ್ಯ. ಸಿಲಿಂಡರುಗಳ ಒಳಗೋಡೆಯ ಸವೆದ ಲೈನರುಗಳನ್ನು ಹೊಡೆದು ತೆಗೆದು ಹೊಸ ಲೈನರು, ಪಿಸ್ಟನ್ನು, ರಿಂಗುಗಳ ಸೆಟ್ ತರಿಸಿದೆ. ಪಿಸ್ಟನ್ನುಗಳ ಬಲಕ್ಕೆ ತಿರುಗುವ ಕ್ರ್ಯಾಂಕ್ ದಂಡವನ್ನು ಮೈಸೂರಿಗೆ ಕಳಿಸಿ ಒಂದು ಸೈಜು ಇಳಿಸಿ ಗ್ರೈಂಡ್ ಮಾಡಲು ಹೇಳಿದೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ಡನ್ನು ಉಜ್ಜಿಸಿ ಮಟ್ಟ ಮಾಡಿಸಿ, ವಾಲ್ವುಗಳನ್ನು ಒಂದೊಂದಾಗಿ ಪೇಸ್ಟ್ ಹಚ್ಚಿ ಕೈಯಲ್ಲೇ ಉಜ್ಜಿ ಕೂರಿಸಿದೆ. ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗಿ ಹೋಗುತ್ತಿತ್ತು, ಆದರೆ ಕೆಲಸದಲ್ಲಿ ಮುಳುಗಿದರೆ ಹಸಿವು ನೆನಪಾಗುವುದಿಲ್ಲ.

ಎಳೆಯುವ ಎಂಜಿನ್ ಎಂದರೆ ಡೀಸೆಲ್ ಜಾಸ್ತಿ ಬಿಟ್ಟರಾಯಿತು ಎಂದು ಎಷ್ಟೋ ಜನ ತಿಳಿದಿದ್ದಾರೆ. ಪಂಪಿನ ಸ್ಕ್ರೂ ತಿರುಗಿಸಿ, ಹಿಂದೆ ಕರಿ ಹೊಗೆ ಎದ್ದರೆ ಪವರ್ ಬಂತೆಂದು ಹಿಗ್ಗುತ್ತಾರೆ. ಅದು ಪವರ್ ಅಲ್ಲ, ಉರಿಯದೆ ಹೊರಗೆ ಹೋದ ಡೀಸೆಲ್. ಭಾರದ ಗಾಡಿ ಎರಡನೇ ಗೇರಿನಲ್ಲಿ, ನಿಧಾನಕ್ಕೆ ತಿರುಗುತ್ತಲೇ, ಉಸಿರು ಕಟ್ಟದೆ ಎಳೆಯಬೇಕು. ಹಾಗೆ ಎಳೆಯುವಾಗ ನಿಜವಾದ ಶತ್ರು ಶಾಖ. ಪಿಸ್ಟನ್ನಿನ ನೆತ್ತಿಯ ಮೇಲೆ ಬೆಂಕಿ ಒಂದೇ ಸಮ ಬೀಳುತ್ತಿರುತ್ತದೆ. ಅದಕ್ಕಾಗಿ ಇಂಥ ದೊಡ್ಡ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಬುಡದಲ್ಲೂ ಒಂದು ಸಣ್ಣ ಬಾಗಿದ ನಳಿಕೆ ಇರುತ್ತದೆ. ಆಯಿಲ್ ಜೆಟ್ ಎನ್ನುತ್ತೇವೆ. ಕೆಳಗಿನಿಂದ ಪಿಸ್ಟನ್ನಿನ ಹೊಟ್ಟೆಗೆ ಎಣ್ಣೆ ಚಿಮ್ಮಿಸಿ ತಂಪು ಮಾಡುವುದು ಅದರ ಕೆಲಸ. ಗಾಡಿ ಖಾಲಿ ಓಡುವಾಗ ಜೆಟ್ ಕಟ್ಟಿಕೊಂಡಿದ್ದರೂ ಗೊತ್ತಾಗುವುದಿಲ್ಲ. ಭಾರ ಬಿದ್ದಾಗ ಗೊತ್ತಾಗುತ್ತದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಎಣ್ಣೆಯ ದಾರಿ ತೆರೆದಿದೆಯೋ ಇಲ್ಲವೋ ನೋಡಲು ನನ್ನದು ಕಸುಬು ಕಲಿಸಿದ ನಮ್ಮ ಉಸ್ತಾದರ ರೀತಿ. ಬಾಯಿಟ್ಟು ಊದುವುದು. ಕಂಪ್ರೆಸರಿನ ಗಾಳಿ ಜೋರು. ಅರ್ಧ ಕಸ ಇದ್ದರೂ ಆ ಬದಿಯಿಂದ ಬುಸ್ಸೆಂದು ಬಂದುಬಿಡುತ್ತದೆ. ಬಾಯಿಂದ ಊದಿದರೆ ಎಷ್ಟು ತಡೆಯುತ್ತಿದೆ ಎನ್ನುವುದು ಕೆನ್ನೆಗೇ ತಿಳಿಯುತ್ತದೆ. “ಕಣ್ಣು ಯಾಮಾರ್ತದೆ, ಕೆನ್ನೆ ಯಾಮಾರಲ್ಲ,” ಎನ್ನುತ್ತಿದ್ದರು ಉಸ್ತಾದರು. ಅವರು ತೀರಿಹೋಗಿ ವರ್ಷಗಳಾದರೂ ಅವರ ಶಿಷ್ಯರೆಲ್ಲ ಈಗಲೂ ಎಣ್ಣೆಬಾಯಿಯವರೇ. ರಂಜಾನ್ ತಿಂಗಳಲ್ಲಿ ಮಾತ್ರ ಹಗಲು ಹೊತ್ತು ಊದುವುದಿಲ್ಲ. ಊದಿದರೆ ಉಪವಾಸ ಮುರಿಯುವುದಿಲ್ಲವೆಂದು ನನಗೂ ಗೊತ್ತು. ಆದರೆ ನಾಲಿಗೆಗೆ ತಾಗಿದ ಎಣ್ಣೆ ಗಂಟಲಿಗೆ ಇಳಿದರೆ ಎಂಬ ಅಳುಕು. ಆ ಕೆಲಸವನ್ನೆಲ್ಲ ಇಫ್ತಾರ್ ಆದ ಮೇಲಕ್ಕೆ ಇಟ್ಟುಕೊಳ್ಳುತ್ತೇವೆ. ಕಂಪ್ರೆಸರಿನಿಂದಲೇ ನೋಡೋಣವೆಂದರೆ ಅದರ ಮೋಟಾರು ಸುಟ್ಟು ವೈಂಡಿಂಗಿಗೆ ಹೋಗಿತ್ತು.

ಕ್ರ್ಯಾಂಕ್ ಬರುವ ಹಿಂದಿನ ಮಧ್ಯಾಹ್ನ ಆರೂ ಜೆಟ್ಟುಗಳಿಗೆ ಸಣ್ಣ ತಂತಿ ಆಡಿಸಿ, ಎಣ್ಣೆಕುಪ್ಪಿಯಿಂದ ಡೀಸೆಲ್ ಒತ್ತಿ ನೋಡಿದೆ. ಉಳಿದವುಗಳಲ್ಲಿ ನೂಲು ಎಳೆದ ಹಾಗೆ ನೆಟ್ಟಗೆ ಚಿಮ್ಮಿತು. ಐದನೇ ಸಿಲಿಂಡರಿನದರಲ್ಲಿ ಮಾತ್ರ ತೊಟ್ಟಿಕ್ಕಿತು. ಇನ್ನೊಮ್ಮೆ ತಂತಿ ಹಾಕಿದೆ. ಸ್ವಲ್ಪ ಪರವಾಗಿಲ್ಲ ಎನ್ನಿಸಿತು. ಸಂಜೆ ಊದಿ ನೋಡೋಣವೆಂದು ಅದರ ಪಕ್ಕ, ಬ್ಲಾಕಿನ ಮೇಲೆ ಸೀಮೆಸುಣ್ಣದಿಂದ ಒಂದು ಸುತ್ತು ಹಾಕಿದೆ.

ಆ ಸಂಜೆ ಇಫ್ತಾರಿಗೆ ಮನೆಗೆ ಹೋದವನು ಸುಸ್ತಾಗಿ ಮತ್ತೆ ಶೆಡ್ಡಿಗೆ ಬರಲಿಲ್ಲ. ಬೆಳಗ್ಗೆ ಬಂದರೆ ಮೈಸೂರಿನಿಂದ ಕ್ರ್ಯಾಂಕ್ ಬಂದು ಕೂತಿತ್ತು. ಹೊಸದಾಗಿ ಗ್ರೈಂಡ್ ಮಾಡಿದ ಕ್ರ್ಯಾಂಕ್ ಕಣ್ಣೆದುರು ಹೊಳೆಯುತ್ತಿದ್ದರೆ ಯಾವ ಮೆಕ್ಯಾನಿಕ್ಕಿಗೂ ಕೈ ತಡೆಯುವುದಿಲ್ಲ. “ಬ್ಲಾಕ್ ಒಂದ್ಸಲ ಚೊಕ್ಕ ಮಾಡ್ಬುಡಪ್ಪ,” ಎಂದೆ. ಡ್ರೈವರ್ ಬ್ರಷ್ಷು ಡೀಸೆಲ್ಲು ಹಿಡಿದು ಒಳಗೂ ಹೊರಗೂ ತಿಕ್ಕಿ ತೊಳೆದ. ಸೀಮೆಸುಣ್ಣದ ಗುರುತೂ ಹೋಯಿತು. ಅದು ಏನೆಂದು ಅವನಿಗೆ ಗೊತ್ತಿರಲಿಲ್ಲ. ಹೇಳಬೇಕಾದವನು ನಾನು, ಹೇಳಿರಲಿಲ್ಲ.

ಬೇರಿಂಗು ಕೂರಿಸಿ, ಕ್ರ್ಯಾಂಕ್ ಇಳಿಸಿ, ಕ್ಯಾಪುಗಳನ್ನು ನಂಬರಿನ ಪ್ರಕಾರ ಇಟ್ಟು ಟಾರ್ಕ್ ರೆಂಚಿನಲ್ಲಿ ಬಿಗಿದೆ. ಪಿಸ್ಟನ್ನುಗಳ ನೆತ್ತಿಯ ಮೇಲೆ ಒಂದರಿಂದ ಆರರವರೆಗೆ ನಂಬರು ಹೊಡೆದು ಒಂದೊಂದಾಗಿ ಇಳಿಸಿದೆ. ಎರಡು ದಿನದ ಕೆಲಸ. ಕೊನೆಗೆ ಕೆಳಗಿನ ಎಣ್ಣೆ ತೊಟ್ಟಿ ಮುಚ್ಚಿ, ಅದರ ಕೊನೆಯ ಬೋಲ್ಟು ಬಿಗಿಯುತ್ತಿರುವಾಗ ಆ ಸೀಮೆಸುಣ್ಣದ ಸುತ್ತು ನೆನಪಾಯಿತು. ಕೈ ನಿಂತಿತು.

“ಯಾಕ್ ಮೇಸ್ತ್ರಿ, ನಿಂತ್ಬುಟ್ರಿ?” ಎಂದ ಡ್ರೈವರ್.

“ಏನಿಲ್ಲ ಬುಡು,” ಎಂದೆ.

ಮತ್ತೆ ತೊಟ್ಟಿ ಬಿಚ್ಚಬೇಕು, ಅಂಟು ಹಚ್ಚಿದ ಹೊಸ ಗ್ಯಾಸ್ಕೆಟ್ ಹಾಳಾಗುತ್ತದೆ, ಇನ್ನೊಂದು ತರಿಸಬೇಕು, ಅರ್ಧ ದಿನ ಹೋಗುತ್ತದೆ. ಗೌಡರು ಬೆಳಗ್ಗೆಯಿಂದ ಎರಡು ಸಲ ಫೋನ್ ಮಾಡಿದ್ದರು. ತಂತಿಯಂತೂ ಹಾಕಿದ್ದೆನಲ್ಲ, ಡೀಸೆಲ್ ಸ್ವಲ್ಪ ಬಂದಿತ್ತಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮರೆತದ್ದು ಬೇರೆ, ನೆನಪಾದ ಮೇಲೆ ಬಿಟ್ಟದ್ದು ಬೇರೆ. ನಾನು ಮಾಡಿದ್ದು ಎರಡನೆಯದು. ಉಪವಾಸದ ಮೇಲೆ ಇದನ್ನು ಹೊರಿಸಲು ನನಗೆ ಬಾಯಿಲ್ಲ.

ಎಂಜಿನ್ ಕೂರಿಸಿ ಸ್ಟಾರ್ಟ್ ಮಾಡಿದಾಗ ಮೊದಲ ಸುತ್ತಿಗೇ ಹತ್ತಿಕೊಂಡಿತು. ಎಣ್ಣೆ ಪ್ರೆಷರ್ ಸರಿಯಾಗಿತ್ತು, ಹೊಗೆ ತಿಳಿಯಾಗಿತ್ತು. ಹೊಸ ಎಂಜಿನ್ನನ್ನು ಮೊದಲು ಹಗುರವಾಗಿ ಓಡಿಸಿ ಪಳಗಿಸಬೇಕು. ಡ್ರೈವರ್ ಖಾಲಿ ಟ್ರೈಲರ್ ಕಟ್ಟಿಕೊಂಡು ಕೆ.ಆರ್. ನಗರದ ಮೇಲೆ ಚುಂಚನಕಟ್ಟೆಗೆ ಹೋಗಿ ಬಂದ, ಇನ್ನೊಂದು ದಿನ ಎಚ್.ಡಿ. ಕೋಟೆಗೆ. ಆಮೇಲೆ ಅರ್ಧ ಲೋಡು. ಪ್ರತಿ ಸಲ ಬಂದು, “ಮೇಸ್ತ್ರಿ, ಬೆಣ್ಣೆ ಕಣ್ರೀ, ಬೆಣ್ಣೆ,” ಎನ್ನುತ್ತಿದ್ದ. ನಾನು ಎಣ್ಣೆ ಕಡ್ಡಿ ತೆಗೆದು ಮೂಸಿ ನೋಡಿ ತಲೆ ಆಡಿಸುತ್ತಿದ್ದೆ. ನಾಲ್ಕನೆಯ ದಿನದ ಹೊತ್ತಿಗೆ ಆ ಸೀಮೆಸುಣ್ಣದ ಸುತ್ತು ನನ್ನ ಮನಸ್ಸಿನಿಂದಲೂ ಅಳಿಸಿಹೋಗಿತ್ತು.

ಪೂರ್ತಿ ಲೋಡು ಹೇರಿದ ಮೊದಲ ದಿನ ಮಧ್ಯಾಹ್ನ ಫೋನ್ ಬಂತು.

“ಮೇಸ್ತ್ರಿ, ಗಾಡಿ ಹಿಡ್ಕಬುಡ್ತು ಕಣ್ರೀ. ಏರೆಲ್ಲ ಚೆನ್ನಾಗೇ ಎಳೀತು. ಆನೆಚೌಕೂರು ದಾಟಿದ್ ಮ್ಯಾಲೆ ಒಸಿ ಬಿಗಿ ಆದಂಗಾಯ್ತು, ಕಾಲ್ ತೆಗೆಯೋದ್ರೊಳ್ಗೆ ಕಟ್ ಅಂತ ನಿಂತೋಯ್ತು. ಬಿಸಿ ತೋರ್ಸೋ ಮುಳ್ಳು ಮಾತ್ರ ಮ್ಯಾಕ್ಕೆ ಓಗಿರ್ನಿಲ್ಲ, ದೇವ್ರಾಣೆ.”

ಬೈಕಿನಲ್ಲಿ ಹೋದೆ. ಕಾಡಿನ ರಸ್ತೆಯ ಪಕ್ಕಕ್ಕೆ ಟ್ರೈಲರ್ ಅಡ್ಡಾದಿಡ್ಡಿ ನಿಂತಿತ್ತು. ಸುಟ್ಟ ಎಣ್ಣೆಯ ವಾಸನೆ. ಗೌಡರು ನನಗಿಂತ ಮೊದಲೇ ಜೀಪಿನಲ್ಲಿ ಬಂದಿದ್ದರು. ಕತ್ತಲಾಗುವ ಮೊದಲು ಗಾಡಿ ಸಾಗಿಸಿ, ಆನೆ ದಾಟುವ ಜಾಗ ಎಂದು ಅರಣ್ಯದ ಗಾರ್ಡುಗಳು ಅವಸರ ಮಾಡುತ್ತಿದ್ದರು. ಎಂಜಿನ್ ನಿಂತ ಗಾಬರಿಯಲ್ಲಿ ಡ್ರೈವರ್ ರೇಡಿಯೇಟರಿನ ಮುಚ್ಚಳ ತೆಗೆದಿದ್ದ. ಬಿಸಿ ನೀರು ಚಿಮ್ಮಿ ಅವನ ಮುಂಗೈ ಬೆಂದಿತ್ತು, ರೇಡಿಯೇಟರಿನಲ್ಲಿ ಅರ್ಧ ನೀರು ಉಳಿದಿತ್ತು. ಗೌಡರು ನೋಡಿದ್ದು ಆ ಅರ್ಧ ನೀರನ್ನು. ದಿಮ್ಮಿಗಳನ್ನು ಬೇರೆ ಲಾರಿಗಳಿಗೆ ಬದಲಾಯಿಸಿ, ಗಾಡಿಯನ್ನು ಎಳೆಸಿಕೊಂಡು ನನ್ನ ಶೆಡ್ಡಿಗೆ ತರುವಷ್ಟರಲ್ಲಿ ಮಾರನೆಯ ದಿನವಾಯಿತು.

ನಮ್ಮ ಕಡೆಯ ಲಾರಿಯವರಲ್ಲಿ ಒಂದು ಕಟ್ಟುಪಾಡಿದೆ. ಹಿಡಿದುಕೊಂಡ, ಎಂದರೆ ತಿರುಗದೆ ಸಿಕ್ಕಿಕೊಂಡ ಎಂಜಿನ್ನನ್ನು ಮೇಸ್ತ್ರಿ ಒಬ್ಬನೇ ಬಿಚ್ಚುವಂತಿಲ್ಲ. ಮಾಲೀಕರು, ಡ್ರೈವರು ಎದುರಿಗಿರಬೇಕು, ಇನ್ನೂ ನಾಲ್ಕು ಜನ ಡ್ರೈವರುಗಳು ನಿಂತು ನೋಡಿದರೂ ಆಯಿತು. ತಪ್ಪು ಯಾರದೆಂದು ಮೇಸ್ತ್ರಿ ಹೇಳುತ್ತಾನೆ, ಆ ಮಾತಿಗೆ ಎದುರಾಡುವಂತಿಲ್ಲ. ಡ್ರೈವರದೆಂದು ಹೇಳಿದರೆ ಅವನು ‘ಎಂಜಿನ್ ಹಿಡಿಸಿದವನು’ ಎಂದಾಗುತ್ತಾನೆ. ಆ ಹೆಸರು ಬಿದ್ದವನಿಗೆ ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಯಾರೂ ಸ್ಟೀರಿಂಗ್ ಕೊಡುವುದಿಲ್ಲ. ಎಷ್ಟೋ ಸಲ ನಾನು ಹೀಗೆ ತೀರ್ಪು ಹೇಳಿದ್ದೇನೆ. ಸ್ವಂತ ತಪ್ಪಿನ ಮೇಲೆ ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಹೆಡ್ ತೆಗೆದೆ, ತೊಟ್ಟಿ ಬಿಚ್ಚಿದೆ, ಪಿಸ್ಟನ್ನುಗಳನ್ನು ಒಂದೊಂದಾಗಿ ಹೊರಗೆ ತಳ್ಳಿದೆ. ಒಂದು, ಎರಡು, ಮೂರು, ನಾಲ್ಕು ಹೊಸದಾಗಿ ಹಾಕಿದ ಹಾಗೆಯೇ ಇದ್ದವು. ಆರನೆಯದೂ ಹಾಗೆಯೇ. ಎಣ್ಣೆ ಮಡ್ಡಿ ಮೆತ್ತಿಕೊಂಡಿದ್ದರಿಂದ ದೂರ ನಿಂತವರಿಗೆ ಅದು ಕಾಣುವಂತಿರಲಿಲ್ಲ. ಐದನೆಯದು ಅಲುಗಲಿಲ್ಲ. ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದು ಬಡಿದು ತೆಗೆದಾಗ ಸುತ್ತಲೂ ಗೀಚಿ, ಕರಗಿ, ಲೈನರಿಗೆ ಮೆತ್ತಿಕೊಂಡಿತ್ತು. ಅವರ ಕಡೆ ಬೆನ್ನು ಮಾಡಿ ಬಗ್ಗಿ ಐದನೇ ಜೆಟ್ಟಿಗೆ ತಂತಿ ಹಾಕಿ ಎಳೆದೆ. ಸಾಸಿವೆ ಕಾಳಿನಷ್ಟು ಒಣಗಿದ ಅಂಟಿನ ಚೂರು ಬಂತು. ಹಿಂದೆ ಯಾರೋ ಗ್ಯಾಸ್ಕೆಟ್ಟಿಗೆ ಹಚ್ಚಿದ ಅಂಟು, ಎಣ್ಣೆಯ ದಾರಿಯಲ್ಲಿ ಹರಿದು ಬಂದು ಅಲ್ಲಿ ಕೂತಿತ್ತು. ಊದಿದ್ದರೆ ಕೆನ್ನೆಗೆ ಗೊತ್ತಾಗುತ್ತಿತ್ತು. ಆ ಚೂರನ್ನು ಹೆಬ್ಬೆರಳಿನಿಂದ ಕೈಯ ಮಡ್ಡಿಯಲ್ಲಿ ಉಜ್ಜಿ, ಪ್ಯಾಂಟಿಗೆ ಒರೆಸಿಕೊಂಡೆ.

“ಏನ್ ಸಾಬ್ರೆ? ಏನಾಗದೆ?” ಎಂದರು ಗೌಡರು.

ಎದ್ದು ನಿಂತೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಡ್ರೈವರನ್ನು ಕೇಳಿದೆ, “ಮುಚ್ಚಳ ತೆಗ್ದಾಗ ರೇಡಿಯೇಟರಲ್ಲಿ ನೀರು ಎಷ್ಟಿತ್ತಪ್ಪ?”

“ಅರ್ಧ ಇತ್ತು ಮೇಸ್ತ್ರಿ. ಆದ್ರೆ ಚಿಮ್ಬುಡ್ತಲ್ಲ, ಅದ್ಕೂ ಮೊದ್ಲು ಎಷ್ಟಿತ್ತೋ…”

“ನೀರ್ ನೋಡ್ದೆ ಓಡ್ಸವ್ನೆ ಬಡ್ಡಿಮಗ!” ಎಂದರು ಗೌಡರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಬಗ್ಗಿ ಸ್ಪ್ಯಾನರುಗಳನ್ನು ಜೋಡಿಸತೊಡಗಿದೆ. ಮೇಸ್ತ್ರಿ ಸುಮ್ಮನಾದರೆ ಅದೇ ತೀರ್ಪು.

ಡ್ರೈವರ್ ಸ್ವಲ್ಪ ಹೊತ್ತು ವಾದ ಮಾಡಿದ. ಹೊರಡುವ ಮೊದಲು ನೀರು ತುಂಬಿದ್ದೆ ಎಂದ, ಮುಳ್ಳು ನಡುವೆಯೇ ಇತ್ತು ಎಂದ. ಆಮೇಲೆ ನನ್ನ ಕಡೆ ತಿರುಗಿ ನೋಡಿದ. ನಾನು ತಲೆ ಎತ್ತಲಿಲ್ಲ. ಅವನ ದನಿ ತಗ್ಗಿತು. “ಮೇಸ್ತ್ರಿ ಕಣ್ಗೆ ಅಂಗೆ ಕಂಡಿದ್ರೆ ಅಂಗೇ ಇರ್ಬೇಕು ಬುಡಿ. ಏರಲ್ಲಿ ನಾನೇ ಜಾಸ್ತಿ ಎಳೆಸ್ಬುಟ್ನೋ ಏನೋ,” ಎಂದು ಗಾಡಿಯ ಕೀಯನ್ನು ಗೌಡರ ಕೈಗೆ ಕೊಟ್ಟು, ಬಸ್ ಸ್ಟ್ಯಾಂಡಿನ ಕಡೆ ನಡೆದುಹೋದ. ಬೆಂದ ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದ.

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಯಾದರೂ ಉಪವಾಸವಿರಲಿಲ್ಲ. ಸಂಜೆ ಖರ್ಜೂರ ಬಾಯಿಗಿಟ್ಟುಕೊಂಡಾಗ, ಬಾಯಿಬಿಟ್ಟು ಸುಳ್ಳು ಹೇಳಿಲ್ಲ, ಬರೀ ಒಂದು ಪ್ರಶ್ನೆ ಕೇಳಿದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಹೊಟ್ಟೆಯನ್ನು ಖಾಲಿ ಇಟ್ಟು ಬಾಯನ್ನು ಹೊಲಸು ಮಾಡಿಕೊಂಡವನದು ಎಂಥ ಉಪವಾಸ? ಹೆಂಡತಿ, “ಯಾಕೆ, ಖರ್ಜೂರ ಚೆನ್ನಾಗಿಲ್ವಾ?” ಎಂದಳು. ಅವಳಿಗೂ ಹೇಳಲಿಲ್ಲ.

ಆರೂ ಪಿಸ್ಟನ್ನು, ಲೈನರುಗಳ ಸೆಟ್ಟನ್ನೇ ಹೊಸದಾಗಿ ಹಾಕಿ ಎರಡನೇ ಸಲ ಎಂಜಿನ್ ಕಟ್ಟಿದೆ. ಕೂಲಿ ಬೇಡವೆಂದೆ. ಅದೂ ನನ್ನ ಹೆಗ್ಗಳಿಕೆಯೇ ಆಯಿತು. ‘ಡ್ರೈವರ್ ಹಾಳ್ ಮಾಡಿದ್ರೂ ಸಾಬ್ರು ಬಿಟ್ಟಿ ಕಟ್ಕೊಟ್ರು’ ಎಂದು ಗೌಡರು ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದರು. ಈ ಸಲ ಕಂಪ್ರೆಸರ್ ವಾಪಸ್ಸು ಬಂದಿತ್ತು. ಆದರೂ ಇಫ್ತಾರ್ ಮುಗಿಸಿ ಬಂದು ಆರೂ ಜೆಟ್ಟುಗಳನ್ನು ಬಾಯಿಯಿಂದಲೇ ಊದಿದೆ, ಎರಡೆರಡು ಸಲ. ಎಣ್ಣೆಯ ಕಹಿ ನಾಲಿಗೆಯಿಂದ ಹೋಗಲಿಲ್ಲ, ಹೋಗುವುದೂ ಬೇಡವೆನ್ನಿಸಿತು. ಗೌಡರು ತಮ್ಮ ಸಂಬಂಧದ ಒಬ್ಬನನ್ನು ಡ್ರೈವರಾಗಿ ಹಾಕಿದರು. ಪೂರ್ತಿ ಲೋಡಿನ ದಿನ ನಾನೂ ಕ್ಯಾಬಿನ್ನಿನಲ್ಲಿ ಕೂತು ಹೋದೆ. ತಿತಿಮತಿಯ ಏರಿನಲ್ಲಿ ಗಾಡಿಯನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಎಬ್ಬಿಸಿದೆವು. ಒಂದು ಗೇಣೂ ಹಿಂದಕ್ಕೆ ಜಾರದೆ ಎಳೆದುಕೊಂಡು ಹೋಯಿತು. ನನ್ನ ಕಸುಬಿನಲ್ಲಿ ಅಷ್ಟು ಒಳ್ಳೆಯ ಎಂಜಿನ್ ನಾನು ಕಟ್ಟಿರಲಿಲ್ಲ. ಪಿರಿಯಾಪಟ್ಟಣದಿಂದ ಇಬ್ಬರು ಟ್ರೈಲರ್ ಮಾಲೀಕರು ನನ್ನನ್ನು ಹುಡುಕಿಕೊಂಡು ಬಂದರು. ನನ್ನ ಹೆಸರು ಮೇಲೆ ಹೋದಷ್ಟೂ ಹನಗೋಡಿನವನ ಹೆಸರು ಕೆಳಗಿಳಿಯುತ್ತಿತ್ತು.

ರಂಜಾನಿನ ಕೊನೆಯ ವಾರ ಅವನು ಶೆಡ್ಡಿಗೆ ಬಂದ. ಹೆಗಲ ಮೇಲೆ ಮರದ ತೊಗಟೆಯ ಪುಡಿ. ಸಾಮಿಲ್ಲಿನಲ್ಲಿ ದಿಮ್ಮಿ ಹೊರುತ್ತಿದ್ದೇನೆ ಎಂದ. ನನ್ನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಬಂದಿರಬೇಕು ಎಂದುಕೊಂಡೆ, ಹಾಗಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು, ಸಂಕೋಚದಿಂದ ಕೇಳಿದ, “ಮೇಸ್ತ್ರಿ, ಯಾವತ್ತಾರ ಯಾರಾರ ಗಾಡಿ ಕೊಟ್ರೆ ಅಂತ ಕೇಳ್ತಿವ್ನಿ. ಒಸಿ ಹೇಳ್ಕೊಡಿ. ಮುಳ್ಳು ಎಲ್ಲಿಗ್ ಬಂದ್ರೆ ನಿಲ್ಲಿಸ್ಬೇಕು? ನಡುವೆ ಇದ್ರೂವೆ ಎಂಜಿನ್ ಹಿಡ್ಕತದೆ ಅಂದ್ರೆ, ನಂಗೆ ನೋಡಕ್ಕೇ ಬರಲ್ಲ ಅಂತ ಆಯ್ತಲ್ಲ.”

ಜೀವಮಾನವೆಲ್ಲ ಗಾಡಿ ಓಡಿಸಿದವನು ಹೊಸದಾಗಿ ಸ್ಟೀರಿಂಗ್ ಹಿಡಿಯುವವನ ಹಾಗೆ ಕೇಳುತ್ತಿದ್ದ. ನಾನು ಅವನ ಕೆಲಸ ಕಳೆದಿದ್ದೇನೆ ಎಂದಷ್ಟೇ ತಿಳಿದಿದ್ದೆ. ಅವನು ತನ್ನ ಕಣ್ಣಿಗಿಂತ ನನ್ನ ಮಾತನ್ನು ನಂಬಿ, ಕಣ್ಣನ್ನೇ ಕಳೆದುಕೊಂಡಿದ್ದ. ಇನ್ನು ಮುಚ್ಚಿಡಲು ನನ್ನಿಂದಾಗಲಿಲ್ಲ. ಸೀಮೆಸುಣ್ಣದ ಸುತ್ತಿನಿಂದ ಹಿಡಿದು ಅಂಟಿನ ಚೂರಿನವರೆಗೆ ಹೇಳಿದೆ. ನಿನ್ನದೇನೂ ತಪ್ಪಿಲ್ಲ, ತಪ್ಪು ನನ್ನದು ಎಂದೆ.

ಅವನು ನಂಬಲಿಲ್ಲ.

“ಬುಡಿ ಮೇಸ್ತ್ರಿ,” ಎಂದ ನಗುತ್ತ. ಕಣ್ಣಲ್ಲಿ ನೀರು ತುಂಬಿತ್ತು. “ನಂಗೊಂದ್ ಸ್ಟೀರಿಂಗ್ ಸಿಗ್ಲಿ ಅಂತ ನಿಮ್ ತಲೆ ಮ್ಯಾಲೆ ಹಾಕ್ಕತಿದ್ದೀರಿ. ಬಿಟ್ಟಿ ಕೆಲ್ಸ ಮಾಡ್ಕೊಟ್ರಂತೆ ಗೌಡ್ರಿಗೆ, ಈಗ ನಂಗೆ ಇದು. ಉಪ್ವಾಸದ ದಿನ್ದಲ್ಲಿ ನನ್ಗೋಸ್ಕರ ಸುಳ್ಳು ಹೇಳ್ಬ್ಯಾಡಿ.”

ಎಷ್ಟು ಹೇಳಿದರೂ ಅಷ್ಟೆ. ಹೇಳಿದಷ್ಟೂ ನಾನು ಅವನ ಕಣ್ಣಿನಲ್ಲಿ ದೊಡ್ಡವನಾಗುತ್ತಿದ್ದೆ. ಆ ಅಂಟಿನ ಚೂರನ್ನು ನಾನೇ ಉಜ್ಜಿ ಹಾಕಿದ್ದೆ. ನನ್ನ ತಪ್ಪಿಗೆ ನನ್ನ ಹತ್ತಿರವೇ ಸಾಕ್ಷಿ ಇರಲಿಲ್ಲ. ಅವನು ಹೋದ ಮೇಲೆ ಶೆಡ್ಡಿನ ಮೂಲೆಯಲ್ಲಿದ್ದ ಗೋಣಿಚೀಲದ ಮೇಲೆ ಕಣ್ಣು ಬಿತ್ತು. ಬಿಚ್ಚಿದ ಹಳೆ ಸಾಮಾನನ್ನು ಮಾಲೀಕರಿಗೇ ಒಪ್ಪಿಸುವುದು ವಾಡಿಕೆ, ಗೌಡರು ಒಯ್ದಿರಲಿಲ್ಲ. ಆರೂ ಪಿಸ್ಟನ್ನುಗಳು ಅದರಲ್ಲಿದ್ದವು. ಸಾಕ್ಷಿಗೆ ಅವು ಸಾಕು ಎಂದು ಆಗಲೇ ಗೊತ್ತಾಯಿತು. ಆದರೆ ಅವು ನಾನು ಮರೆತದ್ದನ್ನು ಮಾತ್ರವಲ್ಲ, ಅದಕ್ಕಿಂತ ಕೆಟ್ಟದ್ದನ್ನೂ ಹೇಳುತ್ತವೆ ಎನ್ನುವುದೂ ಗೊತ್ತಾಯಿತು. ಬಹಳ ಹೊತ್ತು ಚೀಲ ಮುಟ್ಟದೆ ಕೂತಿದ್ದೆ. ಕೊನೆಗೆ ಗೌಡರಿಗೆ ಫೋನ್ ಮಾಡಿದೆ, ನಾಳೆ ಹತ್ತು ಗಂಟೆಗೆ ಬನ್ನಿ, ಡ್ರೈವರನ್ನೂ ಕರೆಸಿ ಎಂದೆ. ಟೀ ಅಂಗಡಿಗೆ ಹೋಗಿ, ಆ ದಿನ ನಿಂತು ನೋಡಿದ್ದ ಡ್ರೈವರುಗಳಿಗೂ ಹೇಳಿ ಬಂದೆ.

ಮಾರನೆಯ ದಿನ ಎಲ್ಲರೂ ಬಂದರು. ಹಲಗೆಯೊಂದರ ಮೇಲೆ ಆರೂ ಪಿಸ್ಟನ್ನುಗಳನ್ನು ತೊಳೆದು, ನಂಬರಿನ ಪ್ರಕಾರ ಸಾಲಾಗಿ ಇಟ್ಟಿದ್ದೆ.

“ನೀರಿಲ್ದೆ ಕಾಯ್ದಿದ್ರೆ ಆರೂ ಪಿಸ್ಟನ್ ಗೀಚಿರ್ಬೇಕಿತ್ತು, ಹೆಡ್ ಸೊಟ್ಟ ಆಗಿರ್ಬೇಕಿತ್ತು,” ಎಂದೆ. “ಹೆಡ್ ನೆಟ್ಟಗಿತ್ತು. ಐದು ಪಿಸ್ಟನ್ ಹೊಸದ್ರಂಗೆ ಅವೆ, ನೋಡಿ. ಒಂದೇ ಒಂದು ಸುಟ್ಟದೆ. ಆ ಒಂದಕ್ಕೆ ಎಣ್ಣೆ ಹೋಗಿಲ್ಲ. ಆ ಜೆಟ್ ಕಟ್ಕೊಂಡಿತ್ತು. ನಾನು ಊದಿ ನೋಡ್ದೆ ಮುಚ್ಚಿದ್ದೆ. ಮುಚ್ಚೋವಾಗ ನೆನಪೂ ಆಗಿತ್ತು.”

ಗೌಡರ ಮುಖ ಕೆಂಪಗಾಯಿತು. “ಅವತ್ತೇ ಯಾಕ್ ಬಾಯ್ ಬುಡ್ನಿಲ್ಲ ಸಾಬ್ರೆ? ನಾಲ್ಕ್ ಜನದ್ ಮುಂದೆ ಅವ್ನ್ನ ಬೈದು ಕಳಿಸ್ಬುಟ್ನಲ್ಲ ನಾನು,” ಎಂದರು.

ಡ್ರೈವರ್ ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದನೆಯ ಪಿಸ್ಟನ್ ಎತ್ತಿ, ನಂಬರು ನೋಡಿ, ಸುತ್ತಲೂ ಹೆಬ್ಬೆರಳು ಆಡಿಸಿ ಕೆಳಗಿಟ್ಟ. ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯದರ ಮೇಲೆ ಬೆರಳು ತರಿತರಿಯಾಗಿ ತಡೆಯಿತು. ಅದನ್ನು ಇಟ್ಟು ಆರನೆಯದನ್ನೂ ಎತ್ತಿ ನೋಡಿದ. ಅವನಿಗೆ ಈಗ ನಂಬಿಕೆ ಬಂತು, ಬಂದದ್ದು ಅವನ ಮುಖದಲ್ಲಿ ಕಂಡಿತು. ನಾನು ಮನಸ್ಸಿನಲ್ಲೇ ಹಗುರವಾಗತೊಡಗಿದೆ.

ಆಗ ಅವನು ಕತ್ತೆತ್ತಿದ. “ಮೇಸ್ತ್ರಿ, ಅವತ್ತು ಬಿಚ್ದಾಗ ಈ ಐದೂ ಚೊಕ್ಕವಾಗಿದ್ದದ್ದ ನೀವು ನೋಡಿದ್ರಾ?”

“ನೋಡಿದ್ದೆ.”

“ನೋಡ್ಬುಟ್ಟೇ ನನ್ನ ನೀರು ಎಷ್ಟಿತ್ತು ಅಂತ ಕೇಳಿದ್ರಾ?”

“ಹೂಂ.”

ಅವನು ಎದ್ದ. ಕೈಗೆ ಮಸಿ ಹತ್ತಿತ್ತು. ನಾನು ಒರೆಸಿಕೊಳ್ಳಲು ಬಟ್ಟೆ ಚಾಚಿದೆ. ತೆಗೆದುಕೊಳ್ಳಲಿಲ್ಲ, ತನ್ನ ಹೆಗಲ ಟವಲಿನಲ್ಲೇ ಒರೆಸಿಕೊಂಡ.

“ನಾಳಿಂದ ಗಾಡಿ ನಿಂದೇ ಕಣ್ಲಾ,” ಎಂದರು ಗೌಡರು. “ಏನೂ ಮನ್ಸಲ್ಲಿ ಮಡಿಕೋಬ್ಯಾಡ.”

“ಬತ್ತೀನಿ ಗೌಡ್ರೆ. ಒಂದೇ ಮಾತು,” ಎಂದ ಅವನು. ನನ್ನ ಕಡೆ ನೋಡಲಿಲ್ಲ. “ಆ ಎಂಜಿನ್ನ ಇನ್ಮ್ಯಾಕೆ ಇಲ್ಲಿ ಬಿಚ್ಚಂಗಿಲ್ಲ.”

ಗೌಡರು ನನ್ನನ್ನು ನೋಡಿದರು. “ಅವ್ನು ಹೇಳ್ದಂಗೇ ಆಗ್ಲಿ ಗೌಡ್ರೆ,” ಎಂದೆ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ.

ಆ ಗಾಡಿ ಈಗಲೂ ದಿಮ್ಮಿ ಹೇರಿಕೊಂಡು ನನ್ನ ಶೆಡ್ಡಿನ ಮುಂದೆಯೇ ಹೋಗುತ್ತದೆ. ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳುತ್ತೇನೆ. ಆರೂ ಸಿಲಿಂಡರುಗಳು ಸಮವಾಗಿ ಎಳೆಯುತ್ತಿರುತ್ತವೆ. ಎಣ್ಣೆ ಬದಲಾಯಿಸಲು ಅವನು ಅದನ್ನು ಪಿರಿಯಾಪಟ್ಟಣಕ್ಕೆ ಒಯ್ಯುತ್ತಾನೆ.